ದೀಪದ ಬುಡದ ಕತ್ತಲೆ ಮತ್ತು ಸಂಜೆಯ ನಾಲ್ಕು ಗಂಟೆ



ವಿದ್ಯುತ್ ಉಳಿತಾಯದ ಬಗ್ಗೆ ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ಅನಗತ್ಯ ದೀಪ ಆರಿಸಿ ಎಂಬ ಮಾತನ್ನು ನೀವು ಶಾಲೆಯಲ್ಲಿಯೇ ಕೇಳಿದ್ದೀರಿ. ನಾನು ಹೇಳಲಿರುವುದು ಬೇರೆ. ವಿದ್ಯುತ್ತನ್ನು ಎಷ್ಟು ಬಳಸುತ್ತೇವೆ ಎಂಬುದರಷ್ಟೇ ಯಾವ ಹೊತ್ತಿನಲ್ಲಿ ಬಳಸುತ್ತೇವೆ ಎಂಬುದೂ ಮುಖ್ಯ.

ಈ ಮಾತು ನಮ್ಮ ಮೂರು ತಾಲ್ಲೂಕುಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರವನ್ನು ಹಾದು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅದು ನಿಲ್ಲುತ್ತದೆ. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಗರಿಷ್ಠ ಮಟ್ಟ 1819 ಅಡಿ, ಸಂಗ್ರಹ ಸುಮಾರು 151 ಟಿ.ಎಂ.ಸಿ. ಆ ನೀರಿನಿಂದ ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟ್ ಉತ್ಪಾದಿಸಬಲ್ಲದು. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟಿನ ನೀರಿನಿಂದ ವಾರಾಹಿಯಲ್ಲಿ 460 ಮೆಗಾವ್ಯಾಟ್. ನಾಡಿಗೆ ಬೆಳಕು ಕೊಡಲು ಇಲ್ಲಿನ ಹಳ್ಳಿಗಳು ಮುಳುಗಿದವು. ಜಮೀನು ಕಳೆದುಕೊಂಡ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಆದರೂ ಸಂಜೆ ನಮ್ಮ ಮನೆಗಳಲ್ಲೇ ಬಲ್ಬು ಮಂಕಾಗುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮಗಾಗಿಯೇ ಹುಟ್ಟಿದಂತಿದೆ.

ಇದಕ್ಕೆ ಕಾರಣವೇನು? ಬಸ್ಸಿನ ಉದಾಹರಣೆ ತೆಗೆದುಕೊಳ್ಳಿ. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಸಾಗರದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮಧ್ಯಾಹ್ನ ಅದೇ ಬಸ್ಸು ಖಾಲಿ ಓಡುತ್ತದೆ. ಟಿಕೆಟ್ಟಿನ ಬೆಲೆ ಒಂದೇ, ಆದರೆ ಬಸ್ಸಿನ ಮೇಲಿನ ಹೊರೆ ಒಂದೇ ಅಲ್ಲ. ವಿದ್ಯುತ್ತೂ ಹಾಗೆಯೇ. ಒಂದು ಸಾವಿರ ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದರೆ ಮಧ್ಯಾಹ್ನವೂ ಒಂದು ಯೂನಿಟ್, ರಾತ್ರಿ ಏಳಕ್ಕೂ ಒಂದು ಯೂನಿಟ್. ಆದರೆ ಬೆಳಿಗ್ಗೆ ಆರರಿಂದ ಒಂಬತ್ತು ಮತ್ತು ಸಂಜೆ ಆರರಿಂದ ಹತ್ತರವರೆಗೆ ಎಲ್ಲ ಮನೆಗಳೂ ಒಟ್ಟಿಗೆ ಬಸ್ಸು ಹತ್ತುತ್ತವೆ.

ನಮ್ಮ ಹಳ್ಳಿಗಳಲ್ಲಿ 25 ಕೆ.ವಿ.ಎ. ಸಾಮರ್ಥ್ಯದ ಪರಿವರ್ತಕಗಳು ಸಾಮಾನ್ಯ. ಹತ್ತು ಮನೆಯವರು ಎರಡೆರಡು ಕಿಲೋವ್ಯಾಟ್‌ನ ಗೀಸರನ್ನು ಒಟ್ಟಿಗೆ ಹಾಕಿದರೆ ಅಲ್ಲಿಗೇ 20 ಕಿಲೋವ್ಯಾಟ್. ಉಳಿದವರ ದೀಪ, ಪಂಪು, ಮಿಕ್ಸಿಗೆ ಉಳಿಯುವುದು ಅಲ್ಪಸ್ವಲ್ಪ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: ತಂತಿಯಲ್ಲಿ ಹರಿಯುವ ಕರೆಂಟು ಎರಡು ಪಟ್ಟಾದರೆ ಶಾಖವಾಗಿ ನಷ್ಟವಾಗುವ ವಿದ್ಯುತ್ತು ನಾಲ್ಕು ಪಟ್ಟಾಗುತ್ತದೆ. ಕಾಡಿನ ನಡುವೆ ಮೈಲುಗಟ್ಟಲೆ ಸಾಗುವ ಮಲೆನಾಡಿನ ತಂತಿಗಳಲ್ಲಿ ಈ ನಷ್ಟ ಸಣ್ಣದಲ್ಲ. ವೋಲ್ಟೇಜ್ ಕುಸಿಯುವುದು ಆಗಲೇ, ಮತ್ತು ಎಸ್.ಎಸ್.ಎಲ್.ಸಿ. ಮಕ್ಕಳು ಓದಲು ಕೂರುವುದೂ ಆಗಲೇ.

ಇನ್ನು ಇಡೀ ಜಾಲದ ವಿಷಯ. 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು. ಹಗಲಿನಲ್ಲಿ ಪಾವಗಡದಂಥ ಸೌರ ಪಾರ್ಕುಗಳು ಧಾರಾಳವಾಗಿ ಕೊಡುತ್ತವೆ. ಸೂರ್ಯ ಮುಳುಗಿದೊಡನೆ ಅದು ನಿಲ್ಲುತ್ತದೆ, ಬೇಡಿಕೆಯಾದರೋ ಏರುತ್ತದೆ. ರಾಯಚೂರಿನ ಕಲ್ಲಿದ್ದಲ ಘಟಕವನ್ನು ಬೇಕೆಂದಾಗ ತಟ್ಟನೆ ಹೊತ್ತಿಸಲು ಬರುವುದಿಲ್ಲ. ನಿಮಿಷಗಳಲ್ಲಿ ತಿರುಗಿ ಕೊಡುವುದು ಜಲವಿದ್ಯುತ್. ಆದ್ದರಿಂದ ಸಂಜೆ ಏರುವ ಹೊರೆಯ ಒಂದು ಪಾಲು ನಮ್ಮ ಶರಾವತಿ, ವಾರಾಹಿಯಂಥ ಘಟಕಗಳ ಮೇಲೆ ಬೀಳುತ್ತದೆ. 2023ರಂತೆ ಮಳೆ ಕೈಕೊಟ್ಟ ವರ್ಷ ಇದರ ಅರ್ಥ ಚೆನ್ನಾಗಿ ತಿಳಿಯಿತು. ಸಂಜೆ ನಾವು ಮುಂದೂಡಿದ ಯೂನಿಟ್ಟುಗಳು ಲಿಂಗನಮಕ್ಕಿಯಲ್ಲಿ ನೀರು ಉಳಿಯಲು ನೆರವಾಗಬಲ್ಲವು.

ಹೊರೆ ಮಿತಿಮೀರಿದರೆ ಏನಾಗುತ್ತದೆಂಬುದನ್ನು 2012ರ ಜುಲೈ 30 ಮತ್ತು 31ರಂದು ದೇಶ ಕಂಡಿತು. ಎರಡನೆಯ ದಿನ ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ಸುಮಾರು 60 ಕೋಟಿ ಜನರಿಗೆ ವಿದ್ಯುತ್ ತಪ್ಪಿತು. ದಕ್ಷಿಣದ ಜಾಲ ಆಗ ಪ್ರತ್ಯೇಕವಾಗಿದ್ದುದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ನಾವೂ ಅದೇ ಜಾಲದ ಭಾಗವಾದೆವು.

ಸಂಜೆಯ ಕೊರತೆಗೆ ಪರಿಹಾರವೆಂದೇ ತಳಕಳಲೆ ಮತ್ತು ಗೇರುಸೊಪ್ಪದ ನಡುವೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಗಿದೆ. ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಡಿಕೆಯ ಹೊತ್ತಿನಲ್ಲಿ ಮತ್ತೆ ಹರಿಸುವುದು ಅದರ ಉದ್ದೇಶ. ಸಿಂಗಳೀಕಗಳ ಕಾಡಿಗೆ ಧಕ್ಕೆಯೆಂದು ಅದಕ್ಕೆ ತೀವ್ರ ವಿರೋಧವೂ ಬಂದಿದೆ. ಪರ-ವಿರೋಧವನ್ನು ನೀವೇ ಓದಿ ನಿರ್ಧರಿಸಿ. ಆದರೆ ಬೆಂಗಳೂರಿನವರಾಗಲಿ ನಾವಾಗಲಿ ಸಂಜೆಯ ನಾಲ್ಕು ಗಂಟೆಯ ಅಭ್ಯಾಸವನ್ನು ಬದಲಿಸದಿದ್ದರೆ ಅದರ ಬೆಲೆಯನ್ನು ಯಾವುದಾದರೂ ಕಾಡು ಕೊಡಬೇಕಾಗುತ್ತದೆ ಎಂಬುದಂತೂ ಖಚಿತ.

ಹಾಗಾದರೆ ನಾವೇನು ಮಾಡಬಹುದು? ದೀಪ, ಫ್ಯಾನು, ಮಕ್ಕಳ ಓದು ಮುಂದೂಡುವಂಥದ್ದಲ್ಲ. ಅವು ಸಂಜೆಗೇ ಇರಲಿ. ಮುಂದೂಡಬಹುದಾದ್ದು ಇಸ್ತ್ರಿ, ವಾಷಿಂಗ್ ಮಷೀನು, ದೋಸೆಹಿಟ್ಟಿನ ಗ್ರೈಂಡರು, ನೀರಿನ ಪಂಪು. ಇವೆಲ್ಲ ಹಗಲಿನಲ್ಲಿ ಆಗಲಿ. ಗೀಸರ್ ಬೆಳಿಗ್ಗೆ ಆರರೊಳಗೆ ಕಾಯಲಿ. ಹಂಡೆಯ ಒಲೆ ಇರುವ ಮನೆಗಳಲ್ಲಿ ಹಂಡೆಯೇ ಲೇಸು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಯಂತ್ರವನ್ನು ಸಾಧ್ಯವಾದಷ್ಟೂ ಹಗಲಿನಲ್ಲಿ ಓಡಿಸಿ. ಮಸೀದಿ, ಮದರಸ, ಶಾಲೆ, ಹಾಸ್ಟೆಲುಗಳ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ವಿನಂತಿ: ಮಗ್ರಿಬ್ ನಮಾಜಿನ ವುಝೂಗೆ ಬೇಕಾದ ನೀರನ್ನು ಮಧ್ಯಾಹ್ನವೇ ಟ್ಯಾಂಕಿಗೆ ತುಂಬಿಸಿಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಗೃಹಜ್ಯೋತಿಯಲ್ಲಿ ಬಿಲ್ಲೇ ಬರುವುದಿಲ್ಲ, ನಮಗೇನು ಲಾಭ ಎಂದು ಕೆಲವರು ಕೇಳಬಹುದು. ಬಿಲ್ಲು ಶೂನ್ಯವಾದರೂ ಪರಿವರ್ತಕದ ಸಾಮರ್ಥ್ಯ ಹೆಚ್ಚುವುದಿಲ್ಲ. ಅದು ಸುಟ್ಟರೆ ಕತ್ತಲೆಯಲ್ಲಿ ಕೂರುವವರು ನಾವೇ. ಅಲ್ಲದೆ 2023ರ ಕೇಂದ್ರ ನಿಯಮಗಳು ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೂ ಹೊತ್ತಿಗೆ ತಕ್ಕ ದರದ ದಾರಿ ತೆರೆದಿವೆ: ಬಿಸಿಲಿನ ಹೊತ್ತಿನಲ್ಲಿ ಕಡಿಮೆ, ಸಂಜೆ ಹೆಚ್ಚು. ಅಭ್ಯಾಸ ಈಗಲೇ ಆದರೆ ಆಗ ಕಷ್ಟವಾಗದು.

ವಿದ್ಯಾರ್ಥಿಗಳೇ, ಈ ವಾರ ಒಂದು ಕೆಲಸ ಮಾಡಿ. ಸಂಜೆ ಆರಕ್ಕೂ ಹತ್ತಕ್ಕೂ ಮನೆಯ ಮೀಟರ್ ಓದಿ ಬರೆದುಕೊಳ್ಳಿ. ಮುಂದಿನ ವಾರ ಮುಂದೂಡಬಹುದಾದ ಕೆಲಸಗಳನ್ನು ಹಗಲಿಗೆ ಹಾಕಿ ಮತ್ತೆ ಓದಿ. ವ್ಯತ್ಯಾಸವನ್ನು ನಿಮ್ಮ ಪರಿವರ್ತಕದ ಮನೆಗಳ ಸಂಖ್ಯೆಯಿಂದ ಗುಣಿಸಿ ನೋಡಿ. ನೆರೆಮನೆಯ ಮಗು ಓದುವ ದೀಪ ಮಂಕಾಗದಿರಲು ನಮ್ಮ ಮನೆಯ ಒಂದು ಸ್ವಿಚ್ಚು ಕಾರಣವಾಗುವುದಾದರೆ ಅದು ಸಣ್ಣ ಸೇವೆಯಲ್ಲ.