ಬೈಕಿನ ಸದ್ದು ಮತ್ತು ನೆರೆಯವರ ನಿದ್ದೆ

(ಹೆತ್ತವರು ಮತ್ತು ಯುವಕರಿಗಾಗಿ ಹರಿಹರದಲ್ಲಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯ ಬೈಕಿನ ಸೈಲೆನ್ಸರ್ ಎಂದು ತಿಳಿದಾಗ ಕೆಲವರು ನಕ್ಕಿರಬಹುದು. ಶಿಕ್ಷಣ, ಉದ್ಯೋಗ, ವರದಕ್ಷಿಣೆಯಂತಹ ದೊಡ್ಡ ಸಮಸ್ಯೆಗಳು ಸಮುದಾಯದ ಮುಂದಿರುವಾಗ ಒಂದು ತಗಡಿನ ಕೊಳವೆಯ ಬಗ್ಗೆ ಭಾಷಣ ಬೇಕೇ? ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ತಾಯಿಯವರ ಪಕ್ಕ ಒಂದು ರಾತ್ರಿ ಕುಳಿತಿರುವ ತನಕ ನಮಗೂ ಹಾಗೆಯೇ ಅನಿಸಿತ್ತು.

ಅದು ರಮಝಾನ್ ತಿಂಗಳು. ರಾತ್ರಿ ಒಂದು ಗಂಟೆ ದಾಟಿತ್ತು. ಔಷಧದ ಬಲದಿಂದ ತಾಯಿಯವರಿಗೆ ಆಗಷ್ಟೇ ಕಣ್ಣು ಹತ್ತಿತ್ತು. ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಗುಂಡು ಹಾರಿಸಿದಂತಹ ಸದ್ದು. ಒಂದಲ್ಲ, ಸಾಲಾಗಿ ನಾಲ್ಕೈದು. ವಾರ್ಡಿನಲ್ಲಿದ್ದವರೆಲ್ಲ ಬೆಚ್ಚಿ ಎದ್ದು ಕುಳಿತರು. ಪಕ್ಕದ ಹಾಸಿಗೆಯಲ್ಲಿದ್ದ ಹಳ್ಳಿಯ ಅಜ್ಜಿಯೊಬ್ಬರು, "ಯಾರಪ್ಪಾ ಅವ್ರು, ಮನ್ಯಾಗ ಹಿರೇರು ಇಲ್ಲೇನು?" ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಕಿಟಕಿಯ ಬಳಿ ನಿಂತಿದ್ದ ನಮಗೆ ಆ ಹುಡುಗರ ತಲೆಯ ಮೇಲಿನ ಟೋಪಿ ಕಾಣಿಸಿತ್ತು.

ಆ ಗುಂಡಿನ ಸದ್ದು ಹೇಗೆ ಬರುತ್ತದೆಂದು ಆಮೇಲೆ ಒಬ್ಬ ಮೆಕ್ಯಾನಿಕ್ ನಮಗೆ ವಿವರಿಸಿದರು. ಓಡುತ್ತಿರುವ ಬೈಕಿನ ಸ್ವಿಚ್ಚನ್ನು ಕ್ಷಣಕಾಲ ಆರಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ನುಗ್ಗುತ್ತದೆ. ಮತ್ತೆ ಸ್ವಿಚ್ ಹಾಕಿದೊಡನೆ ಆ ಕಾದ ಕೊಳವೆಯೊಳಗೇ ಅದು ಸಿಡಿಯುತ್ತದೆ. ಅಂದರೆ ನಮ್ಮ ಮಕ್ಕಳು ತಮ್ಮದೇ ಗಾಡಿಯನ್ನು ಒಳಗಿನಿಂದ ಒಡೆಯುತ್ತಿದ್ದಾರೆ, ಅದೂ ಅಪ್ಪನ ದುಡ್ಡಿನ ಪೆಟ್ರೋಲಿನಿಂದ!

ಸೈಲೆನ್ಸರ್ ಎಂಬುದು ಬರಿಯ ಕೊಳವೆಯಲ್ಲ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಸೆಕೆಂಡಿಗೆ 25 ಬಾರಿ ಬಿಸಿ ಹೊಗೆಯನ್ನು ರಭಸದಿಂದ ಹೊರದೂಡುತ್ತದೆ. ಸೈಲೆನ್ಸರಿನೊಳಗೆ ಅಡ್ಡ ತಗಡುಗಳಿವೆ, ತೂತು ಕೊರೆದ ನಳಿಗೆಗಳಿವೆ, ಸಣ್ಣ ಕೋಣೆಗಳಿವೆ. ಶಬ್ದದ ಅಲೆಗಳು ಅಲ್ಲಿ ಗೋಡೆಗೆ ಬಡಿದು ಹಿಂದಿರುಗಿ, ಒಂದನ್ನೊಂದು ತಗ್ಗಿಸಿ, ಬಹುಪಾಲು ಅಡಗಿಹೋಗುತ್ತವೆ. 2020ರ ಎಪ್ರಿಲಿನಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಬೈಕುಗಳಲ್ಲಿ ವಿಷಾನಿಲವನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇದೇ ಹೊಗೆಯ ದಾರಿಯಲ್ಲಿರುತ್ತದೆ. ಇದನ್ನೆಲ್ಲ ಕಿತ್ತೆಸೆದು ಖಾಲಿ ಕೊಳವೆ ಕಟ್ಟಿಕೊಂಡರೆ ಗಾಡಿಗೆ ಶಕ್ತಿ ಬರುತ್ತದೆ ಎಂಬುದು ಯುವಕರ ನಂಬಿಕೆ. ಇಂಧನದ ಪೂರೈಕೆಯನ್ನು ಅದಕ್ಕೆ ಹೊಂದಿಸದೆ ಬರಿಯ ಕೊಳವೆ ಬದಲಿಸಿದರೆ ಸಿಗುವುದು ಹೆಚ್ಚಾಗಿ ಸದ್ದು ಮಾತ್ರ.

ಈ ಹರಿಹರದಲ್ಲಿ ಇದನ್ನು ನಾವು ಹೇಳಿಕೊಡಬೇಕಾಗಿಯೇ ಇಲ್ಲ. ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಇದ್ದ ಊರಿದು. ಆ ಕಾರ್ಖಾನೆ ಮುಚ್ಚಿಹೋಯಿತು, ಆದರೆ ಅಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಯಂತ್ರವೊಂದು ಇದ್ದಕ್ಕಿದ್ದಂತೆ ಅರಚತೊಡಗಿದರೆ ಏನೆಂದು ಅರ್ಥ ಎಂದು ಅವರನ್ನು ಕೇಳಿ ನೋಡಿ. ಅದು ಗಟ್ಟಿಯಾಗಿದೆ ಎಂದು ಅವರಾರೂ ಹೇಳಲಾರರು, ಎಲ್ಲೋ ಕೆಟ್ಟಿದೆ ಎನ್ನುತ್ತಾರೆ.

ಕಾನೂನಿನ ಮಾತನ್ನೂ ಆಡಿಬಿಡೋಣ. 175 ಸಿಸಿಗಿಂತ ದೊಡ್ಡ ಬೈಕಿಗೆ ತಯಾರಿಕೆಯ ಹಂತದಲ್ಲಿ ನಿಗದಿಯಾಗಿರುವ ಶಬ್ದದ ಮಿತಿ 80 ಡೆಸಿಬೆಲ್. ಅದು 90 ಆದರೆ ಕಿವಿಗೆ ಸುಮಾರು ಎರಡು ಪಟ್ಟು ಕೇಳಿಸುತ್ತದೆ. ಶಬ್ದದ ಶಕ್ತಿಯಂತೂ ಹತ್ತು ಪಟ್ಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ರಾತ್ರಿಯ ಮಿತಿ ಕೇವಲ 40. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಶಬ್ದದ ಮಾನದಂಡ ಮೀರಿದ ವಾಹನ ಓಡಿಸಿದವರಿಗೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಹದಿನೆಂಟು ತುಂಬದ ಮಗನಿಗೆ ಕೀಲಿ ಕೊಟ್ಟ ತಂದೆಯ ಸ್ಥಿತಿ ಇನ್ನೂ ಕಷ್ಟ: 25 ಸಾವಿರ ದಂಡ, ಮೂರು ವರ್ಷದವರೆಗೆ ಸೆರೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂತಹ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿಟ್ಟು ರೋಡ್ ರೋಲರ್ ಹರಿಸಿರುವುದನ್ನು ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ.

ಇನ್ನೊಂದು ಮಾತು ಕೆಲವರಿಗೆ ಕಹಿಯಾಗಬಹುದು. ಮಸೀದಿಯ ಮುಂದೆ ಡಿಜೆ ಹಾಕಿದರೆಂದು ನಾವು ಮನವಿ ಕೊಡುತ್ತೇವೆ. ಕೊಡಲೇಬೇಕು, ಅದು ನ್ಯಾಯ. ಆದರೆ ಆ ಮನವಿಗೆ ಸಹಿ ಹಾಕಿದವರ ಮಗನೇ ತರಾವೀಹ್ ಮುಗಿಸಿ ಇಡೀ ಬೀದಿಯನ್ನು ಎಬ್ಬಿಸಿದರೆ ಠಾಣೆಯಲ್ಲಿ ನಮ್ಮ ಮಾತಿಗೆ ಏನು ಬೆಲೆ? ಲುಕ್ಮಾನರು ಮಗನಿಗೆ ನೀಡಿದ ಉಪದೇಶದಲ್ಲಿ ನಡಿಗೆ ಮತ್ತು ಧ್ವನಿ ಎರಡೂ ಒಟ್ಟಿಗೇ ಬರುತ್ತವೆ ಎಂಬುದನ್ನು ಕುರ್‌ಆನ್ ಓದುವ ಪ್ರತಿಯೊಂದು ಮನೆಯೂ ಬಲ್ಲದು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಅಟ್ಟದ ಮೇಲೆ ಹುಡುಕಿ. ಕಂಪೆನಿಯ ಹಳೆಯ ಸೈಲೆನ್ಸರ್ ಅಲ್ಲೇ ಇರಬಹುದು. ಗುಜರಿಗೆ ಹಾಕಿದ್ದರೆ ಅದೇ ಮಾದರಿಯದನ್ನು ಕೊಳ್ಳಬೇಕು. ಕೂರಿಸುವಾಗ ಇಂಜಿನ್‌ಗೆ ಸೇರುವ ಬಾಯಿಯಲ್ಲಿ ಗ್ಯಾಸ್ಕೆಟ್ ಹೊಸದಿರಲಿ. ಅಲ್ಲಿ ಕಪ್ಪು ಮಸಿ ಮೆತ್ತಿಕೊಂಡಿದ್ದರೆ ಹೊಗೆ ಸೋರುತ್ತಿದೆ ಎಂದರ್ಥ; ಎಷ್ಟೋ ಗಾಡಿಗಳ ಸದ್ದಿಗೆ ಈ ಸಣ್ಣ ಸೋರಿಕೆಯೇ ಕಾರಣ. ತುಕ್ಕು ಹಿಡಿದು ತೂತಾಗಿದ್ದರೆ ವೆಲ್ಡಿಂಗ್ ಮಾಡಿಸಬಹುದು. ಅಲ್ಲಾಡಿಸಿದಾಗ ಒಳಗೆ ಗಲಗಲ ಎಂದರೆ ಅಡ್ಡ ತಗಡು ಮುರಿದಿದೆ, ಅದಕ್ಕೆ ರಿಪೇರಿ ಬೇಡ, ಬದಲಿಸಿ. ಹೊರಗಿನಿಂದ ತಂದ ಸೈಲೆನ್ಸರಿಗೆ ಡಿಬಿ ಕಿಲ್ಲರ್ ಎಂಬ ತುಂಡು ಸಿಕ್ಕಿಸಿದರೆ ಸದ್ದು ಸ್ವಲ್ಪ ತಗ್ಗುತ್ತದೆ ನಿಜ. ಆದರೆ ಸದ್ದು ಮಿತಿ ಮೀರಿರಬಾರದೆಂಬ ಕಾನೂನಿಗೆ ಅದೊಂದೇ ಉತ್ತರವಾಗದು, ಮೇಲಾಗಿ ಒಂದು ಸ್ಕ್ರೂ ಬಿಚ್ಚಿದರೆ ಮಗ ಮತ್ತೆ ಮೊದಲಿನಂತೆ.

ಗ್ಯಾರೇಜು ನಡೆಸುವ ಸಹೋದರರಲ್ಲಿ ಒಂದು ವಿನಂತಿ. ಖಾಲಿ ಕೊಳವೆ ಕಟ್ಟಿಕೊಡಿ ಎಂದು ಬಂದವನನ್ನು ಹಿಂದಕ್ಕೆ ಕಳುಹಿಸಿ. ಒಂದು ಗಿರಾಕಿ ಹೋದೀತು. ಅವನ ತಂದೆ ನಿಮ್ಮಲ್ಲಿಗೇ ಬರುತ್ತಾರೆ.

ಸಭಾಂಗಣದ ಹೊರಗೆ ಬಹಳಷ್ಟು ಬೈಕುಗಳು ನಿಂತಿವೆ. ಬರುವಾಗ ಅವುಗಳಲ್ಲಿ ಕೆಲವನ್ನು ನಾವು ಕಣ್ಣಿನಿಂದಲ್ಲ, ಕಿವಿಯಿಂದಲೇ ಗುರುತಿಸಿದ್ದೇವೆ. ಇಬ್ಬರು ಮೆಕ್ಯಾನಿಕ್ ಸಹೋದರರು ಸ್ಪ್ಯಾನರ್ ಸಮೇತ ಬಂದಿದ್ದಾರೆ, ಇಶಾ ನಮಾಝಿನ ತನಕ ಇಲ್ಲೇ ಇರುತ್ತಾರೆ. ಪರೀಕ್ಷಿಸಲು ಅವರು ಹಣ ತೆಗೆದುಕೊಳ್ಳುವುದಿಲ್ಲ.