ಮಕ್ಕಳೊಡನೆ ಕಪಿಲೆಯ ದಂಡೆಯಲ್ಲಿ

ಸಂಸಾರವಂದಿಗರ ಪ್ರಯಾಣದಲ್ಲಿ ಎರಡು ಬಗೆಯುಂಟು. ದೊಡ್ಡವರಷ್ಟೇ ಹೋಗುವುದು ಒಂದು. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ಕೈಚೀಲ ಸಾಕು. ಎರಡನೆಯದಕ್ಕೆ ನಾಲ್ಕು ಜೊತೆ ಬದಲು ಬಟ್ಟೆ, ಟವೆಲು, ಬಿಸಿನೀರಿನ ಫ್ಲಾಸ್ಕು, ವಾಂತಿಯಾದೀತೆಂದು ನಿಂಬೆಹಣ್ಣು, ಮೊಸರನ್ನದ ಡಬ್ಬಿ, ಚಕ್ಕುಲಿಯ ಪೊಟ್ಟಣ, ಜೊತೆಗೆ ಮನೆ ಬಿಟ್ಟು ಬೀದಿಯ ತಿರುವಿಗೆ ಬಂದ ಮೇಲೆ ನೆನಪಾಗುವ ಮತ್ತೊಂದು ಪದಾರ್ಥ, ಇಷ್ಟೂ ಬೇಕು. ಹೊರಡುವ ಗಳಿಗೆಗೆ ಸರಿಯಾಗಿ ಒಂದು ಮಗುವಿನ ಒಂದು ಚಪ್ಪಲಿ ಕಾಣೆಯಾಗುತ್ತದೆ. ಕೇಳುತ್ತಿರುವ ಮನೆಗಳಲ್ಲಿ ಮಕ್ಕಳಿದ್ದರೆ ಈ ಮಾತಿಗೆ ಸಾಕ್ಷಿ ಬೇಕಾಗಿಲ್ಲ.

ಇಷ್ಟೆಲ್ಲ ಹೊತ್ತುಕೊಂಡು ಹೋಗಿ ನಾವು ಮಾಡುವುದೇನು? ಬಹುಮಟ್ಟಿಗೆ ಮಕ್ಕಳನ್ನು ಸುಮ್ಮನಿರಿಸುತ್ತೇವೆ. ‘ಸುಮ್ಮನಿರು’, ‘ಮುಟ್ಟಬೇಡ’, ‘ಬೇಗ ನಡಿ’, ‘ಆಮೇಲೆ ಹೇಳ್ತೀನಿ’, ಈ ನಾಲ್ಕು ವಾಕ್ಯಗಳಲ್ಲಿ ಒಂದು ದಿನದ ಯಾತ್ರೆ ಮುಗಿದುಹೋಗುತ್ತದೆ. ಆ ‘ಆಮೇಲೆ’ ಎಂಬುದು ಎಂದೂ ಬರುವುದಿಲ್ಲ. ಮಗು ಪ್ರಶ್ನೆ ಕೇಳುವುದು ಆ ವಸ್ತು ಕಣ್ಣ ಮುಂದೆ ಇರುವಾಗ. ಮನೆಗೆ ಬಂದು ದೀಪ ಹಚ್ಚಿದ ಮೇಲೆ ಉತ್ತರ ಹೇಳಿದರೆ ಅದು ಪಾಠವಾದೀತು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಅದು ಬೇಕಾದಷ್ಟು ಸಿಕ್ಕುತ್ತದೆ, ಸಾಲದಿದ್ದರೆ ಮನೆಪಾಠವೂ ಉಂಟು.

ಹೋದ ಮಾಘಮಾಸದಲ್ಲಿ ಒಂದು ಗುರುವಾರ ನಾನು, ನನ್ನ ಮನೆಯವರು, ಮಗಳು, ಅವಳ ಇಬ್ಬರು ಮಕ್ಕಳು ಮೈಸೂರಿನಿಂದ ನಂಜನಗೂಡಿಗೂ, ಅಲ್ಲಿಂದ ತಿರುಮಕೂಡಲು ನರಸೀಪುರಕ್ಕೂ ಹೋಗಿ ಸಂಜೆಗೆ ಹಿಂದಿರುಗಿದೆವು. ಹುಡುಗಿಗೆ ಎಂಟು ವರ್ಷ. ಹುಡುಗನಿಗೆ ನಾಲ್ಕು ತುಂಬಿದೆ. ಗುರುವಾರವೇ ಏಕೆಂದರೆ, ನಂಜನಗೂಡಿನಲ್ಲಿ ಸೋಮವಾರ, ಹುಣ್ಣಿಮೆಗಳಂದು ಸೇರುವ ಜನಸಂದಣಿಯಲ್ಲಿ ನಾಲ್ಕು ವರ್ಷದ ಮಗು ಕಾಣುವುದು ಬರಿಯ ಪಂಚೆ ಸೀರೆಗಳನ್ನು. ಅದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ.

ರೈಲು ಕಪಿಲೆಯನ್ನು ದಾಟುವಾಗ ಪಕ್ಕದಲ್ಲಿ ಕಲ್ಲು ಕಮಾನುಗಳ ಹಳೆಯ ಸೇತುವೆ ಕಾಣಿಸುತ್ತದೆ. ಅದು 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಟ್ಟಿದ್ದು. ಎತ್ತಿನ ಗಾಡಿಗಳು ನಡೆಯಲೆಂದು ಕಟ್ಟಿದ ಆ ಸೇತುವೆಯ ಮೇಲೆಯೇ 1891ರ ಸುಮಾರಿಗೆ ಹಳಿ ಹಾಸಿ ರೈಲು ಬಿಟ್ಟರು. ಈಗ ರೈಲಿಗೆ ಬೇರೆ ಸೇತುವೆಯಿದೆ, ಹಳೆಯದಕ್ಕೆ ವಿಶ್ರಾಂತಿ. ಇದನ್ನು ಹೇಳಿದಾಗ ಹುಡುಗಿ ಬೆರಳೆಣಿಸಿ, “ರೈಲು ಬಂದಾಗ ಸೇತುವೆಗೆ ನೂರ ಐವತ್ತಾರು ವರ್ಷ. ಅಷ್ಟು ವಯಸ್ಸಾದ ಮೇಲೆ ಅದರ ಮೇಲೆ ರೈಲು ಹೊರಿಸಿದರಾ, ತಾತ?” ಎಂದಳು. ಆ ಸೇತುವೆಯ ಬಗ್ಗೆ ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಅದಕ್ಕೆ ಭಾರವಾದೀತೆಂದು ಮರುಗಿದವರನ್ನು ಕಂಡದ್ದು ಇದೇ ಮೊದಲು.

ನಂಜನಗೂಡಿನಲ್ಲಿ ಹುಡುಗನ ಸರದಿ. ಊರಿಗೆ ಆ ಹೆಸರೇಕೆ ಎಂದ. ನಂಜು ಎಂದರೆ ವಿಷ, ವಿಷವನ್ನುಂಡವನು ನಂಜುಂಡ, ಅವನಿರುವ ಊರು ನಂಜನಗೂಡು ಎಂದೆ. ಸಂಸ್ಕೃತದಲ್ಲಿ ಗರಳಪುರಿಯೆಂದೂ ಹೇಳುವುದುಂಟು. ಆದರೆ ಗರಳವೆಂಬುದು ಪುಸ್ತಕದ ಮಾತು. ನಂಜು ನಮ್ಮ ಅಡಿಗೆಮನೆಯ ಮಾತು. ಗಾಯ ಕೀವಾದರೆ ‘ನಂಜಾಯಿತು’ ಎನ್ನುತ್ತಾರೆ. ಹುಣ್ಣಾದವರಿಗೆ ‘ಬದನೆಕಾಯಿ ನಂಜು, ಕೊಡಬೇಡಿ’ ಎನ್ನುತ್ತಾರೆ. ಪಕ್ಕದಲ್ಲಿದ್ದ ಅಜ್ಜಿ ಈ ಎರಡನೆಯ ಮಾತನ್ನು ಒತ್ತಿ ಹೇಳಿದಳು. ಆದರೆ ಹುಡುಗನ ಗಮನ ಬದನೆಕಾಯಿಯ ಮೇಲಿರಲಿಲ್ಲ.

“ದೇವರು ವಿಷ ಯಾಕೆ ಕುಡಿದ? ಯಾರೂ ಬೇಡ ಅನ್ನಲಿಲ್ವಾ?”

ಸಮುದ್ರ ಕಡೆದದ್ದು, ಹಾಲಾಹಲ ಎದ್ದದ್ದು, ಪಾರ್ವತಿ ಕೊರಳನ್ನು ಒತ್ತಿ ಹಿಡಿದದ್ದು, ಎಲ್ಲವನ್ನೂ ಏಳು ಅಂತಸ್ತಿನ ಆ ಗೋಪುರದ ಕೆಳಗೆ ನಿಂತು ಹೇಳಿದ್ದಾಯಿತು. ಅವನು ಯೋಚಿಸಿ, “ಹಾಗಾದ್ರೆ ಈಗಲೂ ಗಂಟಲಲ್ಲೇ ಇದೆಯಾ? ನೋಯುತ್ತಾ?” ಎಂದ.

ಇಂಥ ಪ್ರಶ್ನೆಯನ್ನು ತಳ್ಳಿಹಾಕುವುದು ಬಲು ಸುಲಭ. ಆದರೆ ಈ ಊರಿನವರು ತಳ್ಳಿಹಾಕಿಲ್ಲ. ಬೆಣ್ಣೆ, ಸಕ್ಕರೆ, ಶುಂಠಿ ಸೇರಿಸಿದ ‘ಸುಗಂಧಿತ ಸಕ್ಕರೆ’ಯನ್ನು ನಂಜುಂಡೇಶ್ವರನಿಗೆ ನಿವೇದಿಸುವ ರೂಢಿಯಿದೆ, ವಿಷದ ಉರಿಗೆ ಅದು ಔಷಧವೆಂದು ನಂಬಿಕೆ. ಕೆಮ್ಮಿದ ಮಗುವಿಗೆ ತಾಯಿ ಕೊಡುವುದೂ ಸುಮಾರಾಗಿ ಇದನ್ನೇ ಅಲ್ಲವೆ? ನಮ್ಮ ಹುಡುಗ ಕೇಳಿದ ಪ್ರಶ್ನೆಯನ್ನು ಯಾವ ಕಾಲದಲ್ಲೋ ಬೇರೊಬ್ಬರು ಕೇಳಿ, ಮನೆಯಲ್ಲಿದ್ದ ಡಬ್ಬಿಗಳನ್ನು ತಡಕಿರಬೇಕು.

ಒಳಗೆ ಅರವತ್ತುಮೂವರು ಪುರಾತನರ ವಿಗ್ರಹಗಳ ಸಾಲಿದೆ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಆಟವಿಲ್ಲ. ಹುಡುಗಿ ಎಣಿಸಿದಳು; ತಮ್ಮ ನಡುವೆ ಮಾತಾಡಿದ; ಮತ್ತೆ ಮೊದಲಿನಿಂದ. ಅಷ್ಟು ಹೊತ್ತು ದೊಡ್ಡವರಿಗೆ ನಿರಾತಂಕವಾಗಿ ಕೈಮುಗಿಯಲು ಬಿಡುವಾಯಿತು. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಬಂದ ಕಥೆ, ಅವನು ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದ ಕಥೆ, ಇವೂ ನಡೆದವು. ಲಿಂಗದ ಬೆಲೆ ದೊಡ್ಡವರಿಗೆ. ಮಕ್ಕಳಿಗೆ ಬೇಕಾದದ್ದು ಆನೆಯ ಹೆಸರು. ಅದು ನನಗೆಲ್ಲಿ ಗೊತ್ತು!

ಈಗ ಒಂದು ಗಂಭೀರವಾದ ಮಾತು. ಫಾಲ್ಗುಣದಲ್ಲಿ ಇಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ. ಐದು ರಥಗಳನ್ನು ಎಳೆಯುತ್ತಾರೆ. ಅಂಥ ಸಂದಣಿಯಲ್ಲಿ ಕೈತಪ್ಪಿದ ಮಗುವನ್ನು ‘ನಿಮ್ಮಪ್ಪನ ಹೆಸರೇನು?’ ಎಂದು ಕೇಳಿದರೆ ‘ಅಪ್ಪ’ ಎನ್ನುತ್ತದೆ. ‘ಮನೆ ಎಲ್ಲಿ?’ ಎಂದರೆ ‘ಅಂಗಡಿ ಪಕ್ಕ’. ಮೂರು ವರ್ಷ ತುಂಬಿದ ಮಗುವಿಗೆ ತಂದೆತಾಯಿಗಳ ಹೆಸರನ್ನೂ ಊರನ್ನೂ ಹಾಡಿನಂತೆ ಬಾಯಿಪಾಠ ಮಾಡಿಸಬಹುದು. ದೂರವಾಣಿಯ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಡಬಹುದು. ಇದು ಅನೇಕರು ಮಾಡುವ ಕೆಲಸವೇ. ಆದರೆ ಇನ್ನೊಂದುಂಟು. ಮಗು ಹಟ ಮಾಡಿದಾಗ, ‘ಸುಮ್ಮನಿರದಿದ್ದರೆ ಪೊಲೀಸರು ಹಿಡ್ಕೊಂಡು ಹೋಗ್ತಾರೆ ನೋಡು’ ಎಂದು ಹೆದರಿಸುತ್ತೇವೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿಗೆ ದಿಕ್ಕಾಗಬೇಕಾದವರು ಆ ಪೊಲೀಸರೇ. ಅವರನ್ನು ಕಂಡೊಡನೆ ಅದು ಗುಂಪಿನೊಳಕ್ಕೆ ನುಗ್ಗಿ ಓಡಿದರೆ ಹೊಣೆ ಯಾರದು? ಒಂದು ಗಳಿಗೆಯ ಮೌನಕ್ಕಾಗಿ ಇಷ್ಟು ದೊಡ್ಡ ಬೆಲೆ ತೆರುವುದು ವಿವೇಕವೆಂದು ನನಗೆ ತೋರುವುದಿಲ್ಲ.

ಹೊಳೆಯ ವಿಚಾರದಲ್ಲೂ ಹಾಗೆಯೇ. ಸ್ನಾನಘಟ್ಟದ ಕೊನೆಯ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿರುತ್ತದೆ. ಮೇಲೆ ಬೀಚನಹಳ್ಳಿಯಲ್ಲಿ ಕಬಿನಿಯ ಅಣೆಕಟ್ಟಿದೆ. ಅಲ್ಲಿ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಪ್ರವಾಹದ ನೀರು ಮೈಸೂರಿನ ರಸ್ತೆಗೇ ಬಂದಿತ್ತು. ಬೇಸಗೆಯಲ್ಲಿ ಮೊಣಕಾಲುದ್ದ ನೀರು ಕಂಡವರು ಅದೇ ಜಾಗವೆಂದು ಮಳೆಗಾಲದಲ್ಲಿ ಮಕ್ಕಳನ್ನು ಇಳಿಸಬಾರದು. ನಮ್ಮವರಿಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿ, ತಾಯಿ ಒಂದೊಂದು ಕೈಯಲ್ಲಿ ಒಬ್ಬೊಬ್ಬರ ರಟ್ಟೆ ಹಿಡಿದು, ಪಾದ ಮಾತ್ರ ನೀರಿಗೆ ಬಿಡಿಸಿದಳು.

ಅಲ್ಲಿಯೇ ಹುಡುಗ ತನ್ನ ಕೈಯಲ್ಲಿದ್ದ ಎಲೆಯ ದೊನ್ನೆಯಲ್ಲಿ ಒಂದು ಚೆಂಡುಹೂ ಇಟ್ಟು ನೀರಿಗೆ ಬಿಟ್ಟ. ಆಗ ಎಂಟು ಗಂಟೆ. ದೊನ್ನೆ ಸುತ್ತಿ ಸುತ್ತಿ ಹೊರಟಿತು.

“ಎಲ್ಲಿಗೆ ಹೋಗುತ್ತೆ ತಾತ?”

“ನಾವು ಹೋಗೋ ನರಸೀಪುರಕ್ಕೇ. ಅಲ್ಲಿ ಕಪಿಲೆ ಕಾವೇರಿಗೆ ಸೇರ್ತಾಳೆ.”

“ಹಾಗಾದ್ರೆ ಅಲ್ಲಿ ಸಿಕ್ಕುತ್ತೆ!” ಎಂದ. ಆಮೇಲಿನ ದಿನವೆಲ್ಲ ಈ ಒಂದು ಮಾತಿನ ಸುತ್ತ ತಿರುಗಿತು.

ನರಸೀಪುರಕ್ಕೆ ರೈಲಿಲ್ಲ, ಬಸ್ಸಿನಲ್ಲಿಯೇ ಹೋಗಬೇಕು. 2023ರ ಜೂನಿನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಹಣವಿಲ್ಲ. ಅಜ್ಜಿಗೆ, ತಾಯಿಗೆ, ಹುಡುಗಿಗೆ ಒಂದೊಂದು ಶೂನ್ಯದ ಟಿಕೆಟ್ ಬಂತು; ನನಗೆ ದುಡ್ಡಿನದು ಬಂತು; ನಾಲ್ಕು ವರ್ಷದವನಿಗೆ ಯಾವುದೂ ಇಲ್ಲ. ಹಿಂದೆಲ್ಲ ಅರ್ಧ ಟಿಕೆಟ್ಟನ್ನು ತಪ್ಪಿಸಲು ತಾಯಂದಿರು ಮಕ್ಕಳ ವಯಸ್ಸು ಇಳಿಸುತ್ತಿದ್ದರು. ಮಕ್ಕಳು ಅಲ್ಲಿಯೇ ನಿಜವನ್ನು ಹೇಳಿ ಮಾನ ಕಳೆಯುತ್ತಿದ್ದರು. ಇಲ್ಲಿ ನಮ್ಮವನು ಟಿಕೆಟ್ ಬೇಕೆಂದು ಅಳತೊಡಗಿದ. “ಅಕ್ಕನಿಗೆ ಕೊಟ್ಟರು, ನನಗೇಕಿಲ್ಲ?” ಎಂಬುದು ಅವನ ವಾದ, ನ್ಯಾಯವಾದ ವಾದ. ಕಂಡಕ್ಟರು ಹಿರಿಯರು. ಯಂತ್ರದಿಂದ ಖಾಲಿ ಕಾಗದದ ತುಂಡೊಂದನ್ನು ಹರಿದು, ಪೆನ್ನಿನಿಂದ ಗೀಟೆಳೆದು, “ತಗೊಳ್ಳಿ ಸ್ವಾಮಿ, ಜೋಪಾನ. ಕೇಳಿದಾಗ ತೋರಿಸಬೇಕು” ಎಂದರು. ಊರು ಬರುವವರೆಗೆ ಅವನು ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದ.

ದೊನ್ನೆ ಯಾವಾಗ ಬಂದೀತೆಂದು ದಾರಿಯಲ್ಲಿ ಲೆಕ್ಕ ಶುರುವಾಯಿತು. ಹೊಳೆ ನೆಟ್ಟಗೆ ಹರಿಯುವುದಿಲ್ಲ. ಮೂವತ್ತು ಕಿಲೋಮೀಟರೆಂದು ಇಟ್ಟುಕೊಳ್ಳೋಣ, ಗಂಟೆಗೆ ಮೂರರಂತೆ ನಡೆದರೆ ಎಷ್ಟು ಹೊತ್ತಾಯಿತು ಎಂದು ಹುಡುಗಿಯನ್ನು ಕೇಳಿದೆ. ಹತ್ತು ಗಂಟೆಯೆಂದಳು, ಎಂಟಕ್ಕೆ ಹೊರಟದ್ದು ಆರಕ್ಕೆ ಬರಬೇಕೆಂದು ತಾನೇ ತೀರ್ಮಾನವನ್ನೂ ಕೊಟ್ಟಳು. ನಾವು ಹಿಂದಿರುಗುವುದು ನಾಲ್ಕಕ್ಕೆ ಎಂದು ಮಗಳು ಮೊದಲೇ ನಿಶ್ಚಯಿಸಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು.

ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ದರ್ಶನವಾಯಿತು. ಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚು ಎಂದು ಪ್ರತೀತಿ. ಇಲ್ಲಿ ಹುಡುಗಿ ತಡೆದಳು: “ಗುಲಗಂಜಿ ಅಂದ್ರೆ?” ‘ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ’ ಎಂಬ ಮಾತು ಅವಳಿಗೆ ಗೊತ್ತು, ವಸ್ತುವನ್ನು ಕಂಡಿಲ್ಲ. ಬೇಲಿಯ ಬಳ್ಳಿಯಲ್ಲಿ ಬಿಡುವ ಕೆಂಪು ಬೀಜ, ಒಂದು ತುದಿಯಲ್ಲಿ ಕಪ್ಪು ಬೊಟ್ಟು. ಒಂದಕ್ಕೊಂದು ತೂಕದಲ್ಲಿ ಹೆಚ್ಚು ಭೇದವಿಲ್ಲವೆಂದು ಅಕ್ಕಸಾಲಿಗರು ಅದರಿಂದ ಚಿನ್ನವನ್ನು ತೂಗುತ್ತಿದ್ದರು. ಅಳಗುಳಿ ಮನೆಯಾಟಕ್ಕೂ ಅದನ್ನು ಹಾಕುತ್ತಿದ್ದೆವೆಂದು ಅಜ್ಜಿ ಸೇರಿಸಿದಳು. ಆದರೆ ಇಷ್ಟು ಮುದ್ದಾದ ಬೀಜವೇ ವಿಷ. ಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದರೆ ಹಾಗೆಯೇ ಹೊರಬೀಳುವುದುಂಟು. ಅಗಿದರೆ, ಅಥವಾ ಸರ ಪೋಣಿಸಲು ತೂತು ಮಾಡಿದ್ದನ್ನು ನುಂಗಿದರೆ, ಪ್ರಾಣಕ್ಕೇ ಅಪಾಯ. ಮಗು ಬಾಯಿಗೆ ಹಾಕಿಕೊಂಡಿತೆಂದು ತಿಳಿದರೆ ಏನಾಗುವುದೋ ನೋಡೋಣವೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಇದು ಇನ್ನೂ ಇರುವ ಮನೆಗಳಿವೆ.

ಹುಡುಗಿ ಎಲ್ಲವನ್ನೂ ಕೇಳಿ, “ಹಾಗಾದ್ರೆ ಗುಲಗಂಜಿನೂ ನಂಜು” ಎಂದಳು.

ಬೆಳಿಗ್ಗೆ ಒಂದು ಊರಿನಲ್ಲಿ ಸಿಕ್ಕ ಮಾತನ್ನು ಮಧ್ಯಾಹ್ನ ಮತ್ತೊಂದು ಊರಿನಲ್ಲಿ ತಾನಾಗಿ ಬಳಸಿದಳು. ವ್ಯಾಕರಣ ಹೇಳಿಕೊಟ್ಟು ಕೂದಲು ನರೆತ ನನಗೆ ಆ ದಿನ ದೊರೆತ ಪ್ರಸಾದ ಇದು.

ಬುತ್ತಿ ಬಿಚ್ಚಿ ಉಂಡು ಸಂಗಮಕ್ಕೆ ಇಳಿದೆವು. ಕೂಡಲು ಎಂದರೆ ಹೊಳೆಗಳು ಕೂಡುವ ಎಡೆ. ಆಚೆ ಕಾಣುವುದು ಅಗಸ್ತ್ಯೇಶ್ವರನಿರುವ ತಿರುಮಕೂಡಲು. 1989ರಲ್ಲಿ ಆರಂಭವಾದ ಕುಂಭಮೇಳ ಇಲ್ಲಿಯೇ ಸೇರುವುದು. 2025ರ ಫೆಬ್ರವರಿಯಲ್ಲೂ ನಡೆಯಿತು. ನಮ್ಮ ದಿನ ದಂಡೆಯಲ್ಲಿ ಬಟ್ಟೆ ಒಗೆಯುವವರು ನಾಲ್ಕು ಮಂದಿ, ಒಂದು ತೆಪ್ಪ, ಇಷ್ಟೇ. ನಡುಹೊಳೆ ಬಸಪ್ಪನನ್ನು ತೋರಿಸಿದೆ. ಕಪಿಲೆ, ಕಾವೇರಿಗಳ ಜೊತೆಗೆ ಸ್ಫಟಿಕ ಸರೋವರವೆಂಬ ಕಾಣದ ತೀರ್ಥವೂ ಇಲ್ಲಿ ಸೇರುತ್ತದೆಂದೆ. ಕಾಣದ ತೀರ್ಥವನ್ನು ಹುಡುಗ ಮರುಮಾತಿಲ್ಲದೆ ಒಪ್ಪಿಕೊಂಡ. ಕಾಣದ ದೊನ್ನೆಯನ್ನು ಮಾತ್ರ ಒಪ್ಪಲಿಲ್ಲ; ಬರುವವರೆಗೆ ಏಳುವುದಿಲ್ಲವೆಂದು ಮೆಟ್ಟಿಲ ಮೇಲೆ ಕುಳಿತ.

‘ಬಂದು ಹೋಯಿತು’ ಎಂದು ಹೇಳಿಬಿಡು ಅಪ್ಪ, ಎಂದು ಮಗಳು ಪಿಸುಗುಟ್ಟಿದಳು. ಬಾಯಿ ಬರಲಿಲ್ಲ. ದಾರಿಯುದ್ದಕ್ಕೂ ಲೆಕ್ಕ ಹಾಕಿಸಿದವನು ಕೊನೆಯಲ್ಲಿ ಸುಳ್ಳು ಹೇಳಿದರೆ ಹುಡುಗಿಯಾದರೂ ಬಿಟ್ಟಾಳೆಯೆ? “ಅದು ಇನ್ನೂ ದಾರಿಯಲ್ಲಿದೆ ಮರಿ. ಎಲ್ಲೋ ಜೊಂಡಿನಲ್ಲಿ ಸಿಕ್ಕಿಕೊಂಡಿರಲೂಬಹುದು. ಖಂಡಿತ ಬರುತ್ತೆ ಅಂತ ಹೇಳೋಕೆ ಆಗಲ್ಲ” ಎಂದೆ. ಅತ್ತ. ಅಜ್ಜಿ ರಸಬಾಳೆಯ ಹಣ್ಣು ಸುಲಿದುಕೊಟ್ಟಳು, ಅಳುತ್ತಲೇ ತಿಂದ.

ತೆಪ್ಪದವನು ಇದನ್ನೆಲ್ಲ ಕೇಳುತ್ತಿದ್ದ. “ನಾನು ಕತ್ತಲಾಗೋವರ್ಗೂ ಇಲ್ಲೇ ಇರ್ತೀನಿ ಪುಟ್ಟಪ್ಪ. ಕಣ್ಣಿಟ್ಟಿರ್ತೀನಿ. ಹೊಳೇಲಿ ನೂರು ದೊನ್ನೆ ಬತ್ತವೆ, ನಿಂದು ಯಾವ್ದು ಅಂತ ಗುರ್ತೇಳು” ಎಂದ.

ಹುಡುಗ ಕಣ್ಣೊರೆಸಿಕೊಂಡು ಎದ್ದು ನಿಂತ. “ಒಂದು ಚೆಂಡುಹೂ ಇದೆ. ಅಂಚು ಇಲ್ಲಿ ಸ್ವಲ್ಪ ಹರಿದಿದೆ” ಎಂದು ಬೆರಳಿನಲ್ಲಿ ತೋರಿಸಿದ.