ಒಂಟಿ ನೌಕರನ ಬಿಡಾರ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ನೋಟು ಎಣಿಸುವ ನಮಗೆ ಆ ಅಧಿಕಾರವಿಲ್ಲ. ‘ನಿಮ್ಮ ಅನುಭವವನ್ನೇ ಹೇಳಿರಿ’ ಎಂದು ಕಾರ್ಯದರ್ಶಿಗಳು ಧೈರ್ಯ ಕೊಟ್ಟದ್ದರಿಂದ ಒಂದು ಸಣ್ಣ ವಿಷಯವನ್ನು ತಮ್ಮ ಮುಂದಿಡುತ್ತೇವೆ. ನೌಕರಿಯ ಸಲುವಾಗಿ ಊರು ಬಿಟ್ಟು ಬಂದ, ಇನ್ನೂ ಮದುವೆಯಾಗದ ತರುಣನು ಎಲ್ಲಿ ಬಿಡಾರ ಹೂಡಬೇಕು ಎಂಬುದೇ ಆ ವಿಷಯ. ‘ನಾವು’ ಎಂದರೆ ಇಬ್ಬರು. ಒಬ್ಬರು ಅಥಣಿಯ ಕಡೆಯವರು, ಇನ್ನೊಬ್ಬರು ನಿಪ್ಪಾಣಿಯ ಕಡೆಯವರು. ಇಂದು ಮಾತನಾಡುವ ಬಾಯಿ ಮಾತ್ರ ಒಂದು.

ಬ್ಯಾಂಕಿನ ನೌಕರಿಗೂ ಕನ್ನಡಿಗರ ವಲಸೆಗೂ ಹಳೆಯ ನಂಟು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕೂ ಹುಟ್ಟಿದವು. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕು ಬಂದವು. ಇಲ್ಲಿ ಕುಳಿತಿರುವ ಎಷ್ಟೋ ಹಿರಿಯರನ್ನು ಈ ಬ್ಯಾಂಕುಗಳ ವರ್ಗಾವಣೆಯ ಹುಕುಮುಗಳೇ ಮಹಾರಾಷ್ಟ್ರಕ್ಕೆ ತಂದವು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಈಗ ಸರಕಾರಿ ಬ್ಯಾಂಕಿನ ಗುಮಾಸ್ತೆಯಾಗಬೇಕಾದವನು ಒಂದು ರಾಜ್ಯವನ್ನು ಆರಿಸಿಕೊಂಡು ಅರ್ಜಿ ಹಾಕಬೇಕು. ಆ ರಾಜ್ಯದ ಭಾಷೆಯೂ ಅವನಿಗೆ ಬರಬೇಕು. ಗಡಿಯವರಾದ ನಮಗೆ ಮರಾಠಿ ಬಾಲ್ಯದಿಂದಲೇ ಬರುತ್ತಿತ್ತು. ಹಾಗೆ ಮಹಾರಾಷ್ಟ್ರವನ್ನು ಆರಿಸಿಕೊಂಡೆವು. ದೈವ ಲೋಣಾವಳಾ ಶಾಖೆಯನ್ನು ಆರಿಸಿಕೊಟ್ಟಿತು.

‘ಆಹಾ, ಲೋಣಾವಳಾ!’ ಎಂದರು ಊರಿನವರು. ಜನ ಹಣ ಕೊಟ್ಟು ಹವೆ ತಿನ್ನಲು ಹೋಗುವ ಊರಿನಲ್ಲಿ ನಿಮಗೆ ಸಂಬಳ ಕೊಟ್ಟು ಇರಿಸುತ್ತಾರಲ್ಲ ಎಂದು ಹೊಟ್ಟೆಕಿಚ್ಚುಪಟ್ಟರು. ಶಾಖೆ ಇರುವ ಊರಿನಲ್ಲೇ ಮನೆ ಹಿಡಿಯುವುದು ಜಾಣತನವೆಂದು ನಮಗೂ ತೋರಿತು. ಆದರೆ ಆ ಊರಿನ ಒಂದು ವಿಚಿತ್ರವನ್ನು ಹೋದ ಮೇಲೆಯೇ ಕಂಡೆವು. ಅಲ್ಲಿ ಮನೆಗಳಿಗೆ ಕೊರತೆಯಿಲ್ಲ, ಇರಲು ಮನೆಯಿಲ್ಲ. ಬಂಗಲೆಗಳ ಸಾಲೇ ಇದೆ. ಅವುಗಳಲ್ಲಿ ಎಷ್ಟೋ ಸೋಮವಾರದಿಂದ ಶುಕ್ರವಾರದವರೆಗೆ ಬೀಗ ಹಾಕಿಕೊಂಡಿರುತ್ತವೆ. ಶನಿವಾರ ಮುಂಬಯಿ-ಪುಣೆಗಳ ಮೋಟಾರುಗಳು ಬಂದಾಗ ಕಣ್ಣು ತೆರೆಯುತ್ತವೆ. ನಾವು ತಿಂಗಳಿಗೆ ಕೊಡಬಲ್ಲ ಬಾಡಿಗೆಯನ್ನು ಮಾಲೀಕನು ಒಂದೆರಡು ಶನಿವಾರ-ಭಾನುವಾರಗಳಲ್ಲೇ ಗಳಿಸುವಾಗ ನಮಗೇಕೆ ಕೊಟ್ಟಾನು? ಲೆಕ್ಕ ಕಲಿತ ನಾವು ಅವನನ್ನು ದೂರುವಂತಿಲ್ಲ. ಕೊನೆಗೆ ಒಂದು ಬಂಗಲೆಯ ಹಿತ್ತಲಿನ ಖೋಲಿ ಸಿಕ್ಕಿತು. ಶಾಖೆಗೆ ಹತ್ತು ನಿಮಿಷದ ದಾರಿ, ಬಾಡಿಗೆ ಕಡಿಮೆ. ನಮ್ಮಷ್ಟು ಸುಖಿಗಳಿಲ್ಲ ಎಂದುಕೊಂಡೆವು.

ಜೂನ್ ಬಂದಿತು. ಲೋಣಾವಳಾ ಭೋರ್ ಘಾಟಿನ ನೆತ್ತಿಯ ಮೇಲಿದೆ. ಪುಣೆಗೆ ವರ್ಷಕ್ಕೆ 700-800 ಮಿಲಿಮೀಟರ್ ಮಳೆಯಾದರೆ ಅಲ್ಲಿ 4,000ಕ್ಕೂ ಮೇಲೆ. ನಮ್ಮ ಆಗುಂಬೆಯಷ್ಟಲ್ಲದಿದ್ದರೂ ಅಥಣಿಯ ಬರಗಾಲದಲ್ಲಿ ಬೆಳೆದವನಿಗೆ ಅದು ಪ್ರಳಯವೇ ಸರಿ. ಅಂಗಿ ಒಣಗದು, ಹಾಸಿಗೆ ಬೂಸ್ಟು ಹಿಡಿಯಿತು. ಜುಲೈಯಲ್ಲಿ ನಮ್ಮೊಳಗೊಬ್ಬರು ರಜೆಯ ಮೇಲೆ ಊರಿಗೆ ಹೋಗಿದ್ದಾಗ ಇನ್ನೊಬ್ಬರಿಗೆ ಜ್ವರ ಏರಿತು. ಸುತ್ತಲೂ ಬೀಗ ಹಾಕಿದ ಬಂಗಲೆಗಳು, ಕೂಗಿದರೂ ಕೇಳುವವರಿಲ್ಲ. ಎರಡನೆಯ ದಿನ ಮಾಳಿಯ ಹೆಂಡತಿ, ನಾವು ಮಾವಶಿ ಎಂದು ಕರೆಯುತ್ತಿದ್ದವಳು, ಕಿಟಕಿಯಲ್ಲಿ ಇಣುಕಿ ನೋಡಿದಳು. ಗಂಜಿ ಕಾಯಿಸಿ ತಂದಳು, ಗಂಡನನ್ನು ವೈದ್ಯರಲ್ಲಿಗೆ ಓಡಿಸಿದಳು. ಬಿಡಾರಕ್ಕೆ ಬಾಡಿಗೆಯಿಂದ ಬೇರೆಯಾದ ಇನ್ನೊಂದು ಬೆಲೆಯಿದೆ ಎಂಬುದು ನಮಗೆ ಅಂದು ತಿಳಿಯಿತು.

ಮಳೆಗಾಲ ಮುಗಿಯುತ್ತಲೇ ಪುಣೆಗೆ ಬಂದೆವು. ಬೇಂದ್ರೆಯವರು ಓದಿದ ಫರ್ಗ್ಯುಸನ್ ಕಾಲೇಜು ಇರುವ ಊರು, ಕನ್ನಡ ಕೇಳಿಸುವ ಊರು ಎಂದು ಮನಸ್ಸು ಹಿಗ್ಗಿತು. ಮನೆ ಹುಡುಕುತ್ತ ಒಂದು ಕನ್ನಡ ಮನೆತನದ ಬಾಗಿಲಿಗೆ ಹೋದೆವು. ಹೆಸರು ಹೇಳುವುದು ಸಲ್ಲದು. ಯಜಮಾನರು ಆದರದಿಂದ ಕೂಡ್ರಿಸಿ ಚಹಾ ಕೊಟ್ಟರು, ಊರುಕೇರಿ ವಿಚಾರಿಸಿದರು. ‘ನಿಮ್ಮ ಕನ್ನಡ ಕೇಳಿ ಬಹಳ ಸಂತೋಷವಾಯಿತು. ಆದರೆ ಖೋಲಿಯನ್ನು ನಾವು ಸಂಸಾರಸ್ಥರಿಗಷ್ಟೇ ಕೊಡುವುದು’ ಎಂದರು. ಆ ತಿಂಗಳು ಇಂಥ ಚಹಾವನ್ನು ನಾಲ್ಕು ಕನ್ನಡ ಮನೆಗಳಲ್ಲಿ ಕುಡಿದೆವು. ಕಡೆಗೆ ಶಿವಾಜಿನಗರದ ಹತ್ತಿರ, ಪುಣೆಯವರು ‘ಕಾಟ್ ಬೇಸಿಸ್’ ಎನ್ನುವ ಪದ್ಧತಿಯಲ್ಲಿ, ಒಂದೇ ಖೋಲಿಯ ನಾಲ್ಕು ಮಂಚಗಳಲ್ಲಿ ಎರಡು ನಮ್ಮವಾದವು.

ಪುಣೆಯಿಂದ ಲೋಣಾವಳಾಕ್ಕೆ ರೈಲಿನಲ್ಲಿ 64 ಕಿಲೋಮೀಟರ್. ಈ ದಾರಿಯಲ್ಲಿ 1978ರಿಂದ ವಿದ್ಯುತ್ ಲೋಕಲ್ ಗಾಡಿಗಳು ಓಡುತ್ತಿವೆ. ಒಂದು ಕಡೆಗೆ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ನಿಲ್ದಾಣದವರೆಗಿನ ನಡಿಗೆ, ಗಾಡಿಯ ದಾರಿ ಕಾಯುವುದು ಎಲ್ಲ ಸೇರಿ ದಿನಕ್ಕೆ ನಾಲ್ಕು ಗಂಟೆ. ತಿಂಗಳಿಗೆ 24 ದಿನ ಕೆಲಸವೆಂದರೆ 96 ಗಂಟೆ, ಅಂದರೆ ಪೂರ್ತಿ ನಾಲ್ಕು ಹಗಲು ನಾಲ್ಕು ರಾತ್ರಿ. ಪಾಸಿನ ಹಣ ಅಲ್ಪವಾದ್ದರಿಂದ ಈ ಖರ್ಚು ಕಣ್ಣಿಗೆ ಬೀಳುವುದಿಲ್ಲ. ನಗದು ತಾಳೆಯಾಗದ ದಿನದ ಪಾಡನ್ನಂತೂ ಕೇಳಬೇಡಿರಿ. ಹತ್ತು ರೂಪಾಯಿಯ ವ್ಯತ್ಯಾಸ ಹುಡುಕುತ್ತ ಗಾಡಿ ತಪ್ಪುತ್ತಿತ್ತು. ರಾತ್ರಿ ಬಂದಾಗ ಖಾನಾವಳಿಯ ಬಾಗಿಲು ಮುಚ್ಚಿರುತ್ತಿತ್ತು. ಕನ್ನಡದ ಆಸೆಗೆ ಪುಣೆಗೆ ಬಂದವರು ಸಂಘದ ಒಂದು ಕಾರ್ಯಕ್ರಮಕ್ಕೂ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ.

ಮೂರನೆಯ ಬಿಡಾರ ತಳೇಗಾವದಲ್ಲಿ, ಸುಮಾರು ನಡುದಾರಿಯಲ್ಲಿ. ಅದನ್ನು ದೊರಕಿಸಿದವರು ನಮ್ಮ ಶಾಖೆಯ ಮರಾಠಿ ಸಿಪಾಯಿ. ಅವರ ಪರಿಚಯದ ವೃದ್ಧೆಯೊಬ್ಬಳು ಮೇಲಿನ ಖೋಲಿ ಖಾಲಿ ಇಟ್ಟಿದ್ದಳು. ‘ಒಂಟಿ ಹುಡುಗರೇ?’ ಎಂದು ಆಕೆಯೂ ಹಿಂಜರಿದಳು. ‘ಆಜಿ, ಹುಡುಗರು ನಮ್ಮವರು, ನಾನಿದ್ದೇನೆ’ ಎಂದರು ಸಿಪಾಯಿ. ಅಷ್ಟೇ. ಆ ಖೋಲಿಯಲ್ಲಿ ನಾವು ಏಳು ವರ್ಷ ಕಳೆದಿದ್ದೇವೆ. ಗಾಡಿ ತಪ್ಪಿದರೂ ಮನೆ ಮುಟ್ಟಬಹುದು, ಭಾನುವಾರ ಪುಣೆಗೂ ಬರಬಹುದು, ಕೆಮ್ಮಿದರೆ ಕೆಳಗಿನಿಂದ ‘ಕಾಯ್ ಝಾಲಂ?’ ಎಂಬ ದನಿ ಬರುತ್ತದೆ.

ಈ ಮೂರು ಬಿಡಾರಗಳಿಂದ ಕಲಿತದ್ದನ್ನು, ಹೊಸದಾಗಿ ಬರುವ ತಮ್ಮ ತಂಗಿಯರಿಗಾಗಿ ಹೇಳುತ್ತೇವೆ. ಬಾಡಿಗೆಯ ಜೊತೆಗೆ ಪ್ರಯಾಣದ ಗಂಟೆಗಳನ್ನೂ ಖರ್ಚಿನ ಕಡೆಗೆ ಬರೆಯಿರಿ. ಜಾಗವನ್ನು ಬಿಸಿಲಿನಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ ನೋಡಿರಿ. ಕೊನೆಯ ಗಾಡಿಯ ವೇಳೆಯನ್ನು ಕೇಳಿಕೊಳ್ಳಿರಿ. ನೆರೆಯಲ್ಲಿ ದೀಪ ಹತ್ತುವ ಮನೆ ಇದೆಯೋ ಇಲ್ಲವೋ ನೋಡಿರಿ. ಕರಾರುಪತ್ರವಿಲ್ಲದೆ ಮುಂಗಡ ಕೊಡಬೇಡಿರಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಮೇರೆಗೆ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ಇದರಿಂದ ಎರಡೂ ಕಡೆಯವರಿಗೆ ಕ್ಷೇಮ.

ಇನ್ನು ಹಿರಿಯರಲ್ಲಿ ಒಂದು ಅರಿಕೆ. ಕೋಪಿಸಿಕೊಳ್ಳಬಾರದು. ನಮಗೆ ಇಲ್ಲವೆಂದ ನಾಲ್ಕು ಮನೆಗಳವರು ಕೆಟ್ಟವರಲ್ಲ. ಮನೆಯಲ್ಲಿ ಹೆಂಗಸರು ಮಕ್ಕಳು ಇರುತ್ತಾರೆ. ಗುರುತಿಲ್ಲದವನನ್ನು ಒಳಗೆ ಬಿಡಲು ಯಾರಿಗಾದರೂ ಅಳುಕು. ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗಂತೂ ಮನೆ ಸಿಗುವ ಮೊದಲು ನೂರು ಪ್ರಶ್ನೆಗಳು ಸಿಗುತ್ತವೆ. ಆದರೆ ಈ ಅಳುಕಿಗೆ ಮದ್ದು ನಮ್ಮ ಬ್ಯಾಂಕಿನಲ್ಲೇ ಇತ್ತು. ಹಿಂದೆ ಅಪರಿಚಿತನು ಖಾತೆ ತೆರೆಯಲು ಬಂದರೆ ಹಳೆಯ ಖಾತೆದಾರನೊಬ್ಬನ ಸಹಿ ಬೇಕಾಗುತ್ತಿತ್ತಂತೆ. ಅವನನ್ನು ಪರಿಚಯದಾರ ಎನ್ನುತ್ತಿದ್ದರು. ಈಗ ಗುರುತಿನ ದಾಖಲೆಗಳಿದ್ದರೆ ಸಾಕು, ಖಾತೆ ತೆರೆಯುತ್ತದೆ. ಮನೆಯ ಬಾಗಿಲು ಮಾತ್ರ ಇಂದಿಗೂ ಪರಿಚಯದಾರನ ಸಹಿಯನ್ನೇ ಕೇಳುತ್ತದೆ. ನಮಗಾಗಿ ಸಹಿ ಹಾಕಿದವರು ಒಬ್ಬ ಮರಾಠಿ ಸಿಪಾಯಿ. ಅವರ ಋಣ ನಮ್ಮ ಮೇಲಿದೆ. ಆದರೆ ಆ ಸಹಿಯನ್ನು ನಮ್ಮ ಸಂಘವೂ ಹಾಕಬಾರದೇಕೆ?

ನಾವು ಕೇಳುವುದು ಕಟ್ಟಡವನ್ನಲ್ಲ, ನಿಧಿಯನ್ನಲ್ಲ. ಸಂಘದ ಕಚೇರಿಯಲ್ಲಿ ಒಂದು ವಹಿ ಇರಲಿ. ಒಂದು ಪುಟದಲ್ಲಿ ಖೋಲಿ ಕೊಡಬಲ್ಲ ಮನೆಗಳ ಹೆಸರು, ಎದುರು ಪುಟದಲ್ಲಿ ಹೊಸದಾಗಿ ಬಂದವರ ಹೆಸರು. ಸಂಘದ ಇಬ್ಬರು ಹಿರಿಯರು ಬಂದವರನ್ನು ಕಂಡು, ಊರಿಗೆ ಫೋನ್ ಮಾಡಿ ವಿಚಾರಿಸಿ, ‘ನಾವಿದ್ದೇವೆ’ ಎಂದು ಸಹಿ ಹಾಕಲಿ. ನಮ್ಮ ತಳೇಗಾವದಲ್ಲೇ 1908ರಲ್ಲಿ ಪೈಸಾ ಫಂಡಿನ ಗಾಜಿನ ಕಾರ್ಖಾನೆ ಎದ್ದಿತು. ಜನರಿಂದ ಒಂದೊಂದು ಪೈಸೆ ಕೂಡಿಸಿ ಕಟ್ಟಿದ್ದು. ಪೈಸೆ ಪೈಸೆ ಸೇರಿ ಕಾರ್ಖಾನೆಯಾಗುವುದಾದರೆ, ಖೋಲಿ ಖೋಲಿ ಸೇರಿ ನೂರು ಜನ ಕನ್ನಡದ ಹುಡುಗ ಹುಡುಗಿಯರಿಗೆ ನೆರಳಾಗಲಾರದೇ? ಮೊದಲ ವರ್ಷ ಆ ವಹಿ ಬರೆಯುವ ಕೆಲಸ ನಮಗಿರಲಿ. ಲೆಕ್ಕ ಬರೆದು ರೂಢಿಯಿದೆ.

ನಮ್ಮೊಳಗೊಬ್ಬರಿಗೆ ಬರುವ ವೈಶಾಖದಲ್ಲಿ ಮದುವೆ. ತಳೇಗಾವದಲ್ಲೇ ಬೇರೆ ಮನೆ ಹಿಡಿದಾಗಿದೆ. ಅದರಲ್ಲಿ ಒಂದು ಖೋಲಿ ಹೆಚ್ಚಿಗೆ ಇದೆ, ಮಾಲೀಕರ ಒಪ್ಪಿಗೆಯೂ ಸಿಕ್ಕಿದೆ. ವಹಿಯ ಮೊದಲನೆಯ ಪುಟದಲ್ಲಿ ಆ ಖೋಲಿಯನ್ನೇ ಬರೆಯುತ್ತೇವೆ. ಮುಂದಿನ ಸಾಲುಗಳನ್ನು ತಾವು ತುಂಬಬೇಕು.